ನನ್ನ ಜಾಗಕ್ಕೊಂದು ಅಡಿಕೆ

ಇಂಥವೆಲ್ಲ ನನಗೇ ಯಾಕೆ ಗಂಟುಬೀಳುತ್ತವೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ಬಹಳ ವರ್ಷಗಳಾದವು. ಪುಣೆಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೇನೆ. ನೋಡಿಕೊಳ್ಳುವುದು ಎಂದರೆ ಏನು ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು. ಈಗ ಕೇಳುವುದಿಲ್ಲ. ತಾಟಿನ ಮುಂದೆ ಕೂತು, ರೊಟ್ಟಿ ಮುರಿಯುತ್ತಾ, ಫೋನಿನಲ್ಲಿ "ಬಂದ್ ಮಾಡಿ ಚಾಲೂ ಮಾಡ್ರಿ" ಎಂದು ನಾನು ಹೇಳುವುದನ್ನು ಕೇಳಿ ಕೇಳಿ ಅವಳಿಗೆ ಎಲ್ಲ ಅರ್ಥವಾಗಿದೆ.

ನನ್ನ ಕಷ್ಟದ ಮೂಲ ಒಂದು ಸಣ್ಣ ಚೀಟಿ, ಕಂಪ್ಯೂಟರಿಗೆ ಬರೆದಿಟ್ಟ ಆದೇಶಗಳ ಪಟ್ಟಿ. ಬೆಳಿಗ್ಗೆ ಯಾರೇ ಆಗಲಿ ತಮ್ಮ ಹೆಸರು, ಪಾಸ್‌ವರ್ಡ್ ಒತ್ತಿದ ಕೂಡಲೇ ಪರದೆಯ ಹಿಂದೆ ಅದು ಓಡುತ್ತದೆ. ಲಾಗಾನ್ ಸ್ಕ್ರಿಪ್ಟ್ ಎನ್ನುತ್ತಾರೆ. ಇವರಿಗೆ ನಮಸ್ಕಾರ ಹೇಳು, ಇವರ ಫೋಲ್ಡರ್ ತೆಗೆದುಕೊಡು, ಹತ್ತಿರದ ಪ್ರಿಂಟರ್ ಜೋಡಿಸು, ಇಷ್ಟೇ ಅದರ ಕೆಲಸ. ಎಲ್ಲರಿಗೂ ಒಂದೇ ಚೀಟಿಯಾದ್ದರಿಂದ ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಹೆಸರು ಬರಬೇಕಾದಲ್ಲಿ ಎರಡು ಪರ್ಸೆಂಟ್ ಗುರುತುಗಳ ನಡುವೆ 'ಯೂಸರ್‌ನೇಮ್' ಎಂದು ಬರೆದಿಟ್ಟಿರುತ್ತೇವೆ. ಅದು ಹೆಸರಲ್ಲ, ಹೆಸರಿನ ಜಾಗ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. ಯಾರು ಬಂದರೋ ಅವರ ಹೆಸರು ಅಲ್ಲಿ ಕೂರುತ್ತದೆ, ಟವೆಲ್ ಎದ್ದು ಹೋಗುತ್ತದೆ. ಇಷ್ಟು ಸರಳವಾದ ಮಾತು ನಮ್ಮ ಕಂಪನಿಯಲ್ಲಿ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಸರಳವಾಗಿ ನಡೆದಿಲ್ಲ.

ಈ ವರ್ಷ ಧಾರವಾಡದಲ್ಲಿ ನನ್ನ ಅಕ್ಕನ ಎರಡನೇ ಮಗಳ ಮದುವೆ ಗೊತ್ತಾಯಿತು. ನಾನು ಒಬ್ಬನೇ ಸೋದರಮಾವ. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ ಎಂಬುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಮೊದಲನೆಯವಳ ಮದುವೆಗೆ ನಾನು ಹೊರಟಿದ್ದೆ. ಬಸ್ಸು ಸಾತಾರಾ ಮುಟ್ಟಿದಾಗ ಆಫೀಸಿನಿಂದ ಫೋನ್ ಬಂತು, ಸರ್ವರ್ ಮಲಗಿದೆ ಎಂದು. ಇಳಿದು ವಾಪಸು ಬಂದೆ. ಮಂಟಪಕ್ಕೆ ಅವಳನ್ನು ಪಕ್ಕದ ಮನೆಯ ಮಾಸ್ತರರು ಕರೆದುಕೊಂಡು ಬಂದರು. ಆ ಫೋಟೋ ಅಕ್ಕನ ಪಡಸಾಲೆಯಲ್ಲಿ ದೊಡ್ಡದಾಗಿ ತೂಗುತ್ತಿದೆ. ಅಲ್ಲಿ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಮಾಡಿ ಕೂರುತ್ತೇನೆ. ಎರಡನೆಯವಳ ನಿಶ್ಚಿತಾರ್ಥಕ್ಕೂ ಹೋಗಲಾಗಲಿಲ್ಲ.

ಮದುವೆಯ ದಿನ ನಿಗದಿಯಾದ ಮೇಲೆ ಅಕ್ಕ ಫೋನ್ ಮಾಡಿದಳು.

"ತಮ್ಮಾ, ಇಲ್ಲಿ ಕೇಳು. ಎರಡು ಸಲ ಆತು. ಈ ಸಲ ನೀ ಬರಲಿಲ್ಲಂದ್ರ ನಾ ಯಾರ ಕಾಲಿಗೂ ಬೀಳೂದಿಲ್ಲ, ಯಾವ ಮಾಸ್ತರನ್ನೂ ಕರಿಯೂದಿಲ್ಲ. ನಿನ್ನ ಜಾಗಾದಾಗ ಒಂದು ಅಡಿಕಿ ಇಟ್ಟು ಮದುವಿ ಮುಗಸ್ತೀನಿ. ಸಾಕ್ಷಾತ್ ಗಣಪತೀನ ಅಡಿಕಿಯೊಳಗ ಬಂದು ಕೂಡತಾನ, ನೀ ಏನು ಅವನಕಿಂತ ದೊಡ್ಡಾಂವ?"

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ನಾಲ್ಕು ದಿನದ ರಜೆ ಅರ್ಜಿ ಬರೆದೆ.

೧. ಖಾಲಿ ಬಿಡಬಾರದು

ನಮ್ಮ ಸಾಹೇಬರು ಮೈಸೂರು ಕಡೆಯವರು. ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು.

"ಒಂದ್ನಿಮಿಷ. ಇಲ್ಲಿ 'ಬದಲಿ ವ್ಯಕ್ತಿ' ಅಂತ ಒಂದು ಕಾಲಂ ಇದೆ, ಖಾಲಿ ಬಿಟ್ಟಿದೀರಾ. ಇದು ಫಿಲ್ ಆಗದೆ ನಾನು ಸೈನ್ ಮಾಡಕ್ಕಾಗಲ್ಲ."

"ಸರ್, ನನ್ನ ವಿಭಾಗದಾಗ ನಾ ಒಬ್ಬನೇ ಇದ್ದೀನ್ರಿ."

"ನಮ್ ಭೋರ್ ಯುನಿಟ್‌ನಲ್ಲಿ ಒಬ್ರು ಹಳೇ ಕ್ಲರ್ಕ್ ಇದಾರಲ್ಲ, ಅವರ ಹೆಸರು ಹಾಕಿ. ತುಂಬಾ ಕೇರ್‌ಫುಲ್ ಅಂತೆ."

ಎಷ್ಟು ಕೇರ್‌ಫುಲ್ ಎಂಬುದು ಸಾಹೇಬರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಭೋರ್ ಹತ್ತಿರದ ನಮ್ಮ ಸಣ್ಣ ಘಟಕಕ್ಕೆ ಹೊಸ ಕಂಪ್ಯೂಟರುಗಳು ಹೋದವು. ಸ್ಕ್ರಿಪ್ಟನ್ನು ಅಲ್ಲಿಯ ಯಂತ್ರದಲ್ಲಿ ಇಡುವ ಕೆಲಸವನ್ನು ನಾನು ಈ ಗುಮಾಸ್ತರಿಗೆ ಒಪ್ಪಿಸಿದ್ದೆ. ಅವರು ಜೀವಮಾನವೆಲ್ಲ ಅರ್ಜಿ ತುಂಬಿದವರು. ರೇಷನ್ ಕಾರ್ಡು, ಗ್ಯಾಸು, ತಹಸೀಲ್ದಾರ ಕಚೇರಿ, ಬ್ಯಾಂಕು, ಎಲ್ಲೇ ಆಗಲಿ ಒಂದು ಜಾಗ ಖಾಲಿ ಬಿಟ್ಟರೆ ಕಾಗದ ಕಿಟಕಿಯಿಂದ ಮುಖದ ಮೇಲೆ ವಾಪಸು ಬರುತ್ತದೆ ಎಂಬುದು ಅವರ ಅನುಭವ. ನನ್ನ ಸ್ಕ್ರಿಪ್ಟಿನಲ್ಲಿ ಹೆಸರಿನ ಜಾಗದಲ್ಲಿ ಹೆಸರೇ ಇಲ್ಲದ್ದನ್ನು ಕಂಡು ಅವರಿಗೆ ನನ್ನ ಮೇಲೆ ಕನಿಕರ ಬಂತು. ಪುಣೆಯ ಮನುಷ್ಯ, ಅವಸರದಲ್ಲಿ ಮರೆತಿದ್ದಾನೆ ಎಂದು ತಾವೇ ತುಂಬಿದರು. ಯಾರ ಹೆಸರು ಹಾಕಬೇಕು? ಜವಾಬ್ದಾರಿ ಯಾರದೋ ಅವರದು. ತಮ್ಮ ಹೆಸರನ್ನೇ ಹಾಕಿದರು.

ಮರುದಿನದಿಂದ ಘಟಕದ ಅಷ್ಟೂ ಜನ ಬೆಳಿಗ್ಗೆ 'ನನ್ನ ಫೋಲ್ಡರ್' ಒತ್ತಿದರೆ ಗುಮಾಸ್ತರ ಫೋಲ್ಡರ್ ತೆರೆಯತೊಡಗಿತು. ಇನ್ನೊಬ್ಬರ ಫೋಲ್ಡರಿಗೆ ಬೀಗ ಹಾಕಬೇಕೆಂಬ ಬುದ್ಧಿ ಆಗ ನನಗೂ ಇರಲಿಲ್ಲ. ಅದರಲ್ಲಿ ಅವರ ಗ್ಯಾಸ್ ಕಂಪನಿಯ ತಕರಾರು ಅರ್ಜಿ ಇತ್ತು, ವಿಠ್ಠಲನ ಭಜನೆಗಳಿದ್ದವು, ಮತ್ತು ಹಿರಿಮಗಳ ಜಾತಕ, ಪರಿಚಯ ಪತ್ರ, ಪೈಠಣಿ ಸೀರೆ ಉಟ್ಟು ಕುಂಡದ ಪಕ್ಕ ನಿಂತ ಮೂರು ಫೋಟೋ ಇದ್ದವು. ಇಡೀ ಘಟಕ ಒಂದು ವಾರ ಅದನ್ನು ನೋಡಿತು. ನಾನು ಘಾಟಿನ ರಸ್ತೆಯಲ್ಲಿ ಸೊಂಟ ಮುರಿದುಕೊಂಡು ಭೋರ್‌ಗೆ ಹೋಗಿ, ಅವರ ಹೆಸರು ಅಳಿಸಿ, ಹೆಸರಿನ ಜಾಗವನ್ನು ಮತ್ತೆ ಜಾಗವಾಗಿಯೇ ಇಟ್ಟು ಬಂದೆ.

ತಿಂಗಳಾದ ಮೇಲೆ ಗುಮಾಸ್ತರು ಪೇಢೆಯ ಪೆಟ್ಟಿಗೆ ಹಿಡಿದುಕೊಂಡು ಪುಣೆಗೇ ಬಂದರು. ಪ್ಯಾಕಿಂಗ್ ವಿಭಾಗದವರೊಬ್ಬರು ಆ ಜಾತಕ ನೋಡಿ, ತಮ್ಮ ಅಣ್ಣನ ಮಗನಿಗೆ ಕೂಡಿಸಿ, ಮಾತುಕತೆಯೂ ಮುಗಿದಿತ್ತು.

"ಎರಡು ವರ್ಷ ವಧೂವರ ಮಂಡಳಿಗಳನ್ನು ಸುತ್ತಿ ಚಪ್ಪಲಿ ಸವೆಯಿತು ಸಾಹೇಬ, ನಿಮ್ಮಿಂದ ಎಂಟು ದಿನದಲ್ಲಿ ಆಯಿತು" ಎಂದು ಮರಾಠಿಯಲ್ಲಿ ಹೇಳಿ ಕೈ ಹಿಡಿದುಕೊಂಡರು. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು. "ಎರಡನೆಯವಳದ್ದು ಬಿ.ಕಾಂ. ಮುಗಿಯಿತು. ಆ ಜಾಗ ಮತ್ತೆ ಖಾಲಿ ಇದೆಯಲ್ಲ, ಒಂದು ವಾರ ತುಂಬಲೇ?"

೨. ತವರಿನ ಫೋಲ್ಡರ್

ಸಾಹೇಬರ ಸಲಹೆ ಬಿಟ್ಟು ನಾನೇ ಒಬ್ಬಳನ್ನು ನೆನೆದೆ. ಗುಣಮಟ್ಟ ತಪಾಸಣೆಯ ವಿಭಾಗದಲ್ಲಿರುವ ಜಾಣೆ, ಕಂಪ್ಯೂಟರ್ ಬಲ್ಲವಳು, ನನ್ನನ್ನು 'ದಾದಾ', ಅಂದರೆ ಅಣ್ಣ, ಎಂದು ಕರೆಯುವ ಮರಾಠಿ ಹುಡುಗಿ. ನನ್ನ ಒಂದು ಋಣವೂ ಅವಳ ಮೇಲಿತ್ತು.

ಕಳೆದ ವರ್ಷ ಅವಳ ಮದುವೆಯಾಯಿತು. ಗಂಡನ ಮನೆಯವರು ಹಳೇ ಸಂಪ್ರದಾಯದವರು. ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಅದರಲ್ಲಿ ಬರೆದು, ಸೊಸೆಗೆ ಹೊಸ ಹೆಸರು ಇಟ್ಟರು. ಮಧ್ಯದ ಅಪ್ಪನ ಹೆಸರು ಹೋಗಿ ಗಂಡನದು ಬಂತು, ಅಡ್ಡಹೆಸರೂ ಬದಲಾಯಿತು. ಮೂರರಲ್ಲಿ ಒಂದೂ ಉಳಿಯಲಿಲ್ಲ. ಯಾವ ಕಾಗದವನ್ನೂ ಮೂರು ತಿಂಗಳಿಗೆ ಮೊದಲು ಮುಟ್ಟದ ನಮ್ಮ ಎಚ್.ಆರ್. ವಿಭಾಗ ಅದೊಂದು ಸಲ ಮಾತ್ರ ಚುರುಕಾಗಿ, ಅವಳು ರಜೆಯಿಂದ ಬರುವಷ್ಟರಲ್ಲಿ ಎಲ್ಲ ಕಡೆ ಹೊಸ ಹೆಸರು ಮಾಡಿಟ್ಟಿತ್ತು.

ಹಸಿರು ಬಳೆ ತೊಟ್ಟು ಬಂದವಳು ಕಂಪ್ಯೂಟರ್ ಹಾಕಿದಳು. ಸ್ಕ್ರಿಪ್ಟು ಹೊಸ ಹೆಸರು ಹಿಡಿದು ನಮಸ್ಕಾರ ಹೇಳಿತು. ಆ ಹೆಸರಿನ ಫೋಲ್ಡರ್ ಹುಡುಕಿತು. ಇರಲಿಲ್ಲ. ಹೊಸ ಸೊಸೆಗೆ ಖಾಲಿ ಕಪಾಟು ತೋರಿಸುವಂತೆ ಹೊಸದೊಂದು ಖಾಲಿ ಫೋಲ್ಡರ್ ಮಾಡಿಕೊಟ್ಟಿತು.

ಫೋನಿನಲ್ಲಿ ಅವಳ ಅಳು ಕೇಳಿ ನಾನು ಮೆಟ್ಟಿಲು ಹತ್ತಿ ಓಡಿದೆ. "ದಾದಾ, ನನ್ನ ಐದು ವರ್ಷ ಹೋಯಿತು. ಒಂದು ಹಾಳೆಯೂ ಇಲ್ಲ."

"ಹೋಗಿಲ್ಲ ತಂಗಿ. ಎಲ್ಲ ತವರಿನಲ್ಲಿದೆ" ಎಂದು ಹೇಳಿ ಹಳೇ ಹೆಸರಿನ ಫೋಲ್ಡರ್ ತೆಗೆದು ತೋರಿಸಿದೆ. ಎಲ್ಲವೂ ಇದ್ದಲ್ಲೇ ಇತ್ತು. "ಇದನ್ನೆಲ್ಲ ಹೊಸ ಹೆಸರಿಗೆ ಸಾಗಿಸಿಬಿಡಲೇ?"

ಅವಳು ಕಣ್ಣು ಒರೆಸಿಕೊಂಡು ಬಹಳ ಹೊತ್ತು ಆ ಹಳೇ ಹೆಸರನ್ನು ನೋಡಿದಳು. "ಬೇಡ. ಅದು ಅಲ್ಲೇ ಇರಲಿ. ಎರಡೂ ಕಾಣುವಂತೆ ಮಾಡಿ" ಎಂದಳು. ಅವಳೊಬ್ಬಳಿಗಾಗಿ ಸ್ಕ್ರಿಪ್ಟಿನಲ್ಲಿ ಎರಡು ಸಾಲು ಹೆಚ್ಚಿಗೆ ಬರೆದೆ. ಇವತ್ತಿಗೂ ಅವಳಿಗೆ ಎರಡು ಫೋಲ್ಡರ್ ತೆರೆಯುತ್ತವೆ.

ಆದರೆ ಈ ಸಲ ಬದಲಿಗೆ ನಿಲ್ಲುತ್ತೀಯಾ ಎಂದು ಕೇಳಿದರೆ ಅವಳಿಗೂ ಅದೇ ವಾರ ತವರಿನಲ್ಲಿ ಕಾರ್ಯ ಇತ್ತು. ಸುಮ್ಮನೆ ವಾಪಸು ಬಂದೆ. ಮರುದಿನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನು ಅವಳ ಗಂಡ ಮಾತಾಡುತ್ತಿದ್ದೇನೆ. ನೀವು ದಾದಾ ಅಲ್ಲವೇ? ಮನೆಯಲ್ಲಿ ಸ್ವಲ್ಪ ಮಾತಿಗೆ ಮಾತು ಬೆಳೆದರೆ ಸಾಕು, 'ನನ್ನ ಹಳೆಯದೆಲ್ಲ ಆಫೀಸಿನಲ್ಲಿ ಭದ್ರವಾಗಿದೆ' ಎನ್ನುತ್ತಾಳೆ."

ಬೈಸಿಕೊಳ್ಳಲು ತಯಾರಾಗಿ ನಾನು "ಹೌದು, ಹೇಳಿ" ಎಂದೆ.

"ನಾನು ನಿಮ್ಮ ಕಂಪನಿಯವನಲ್ಲ ನಿಜ. ಆದರೂ ಕೇಳುತ್ತೇನೆ" ಎಂದ ಆತ ಮೆಲ್ಲಗೆ. "ಮದುವೆಗೆ ಮುಂಚಿನ ನನ್ನದೂ ಒಂದು ಅಲ್ಲಿ ಇಡಲಿಕ್ಕೆ ಆಗುತ್ತದೆಯೇ?"

೩. ನೈಋತ್ಯ ಮೂಲೆ

ಈ ನಡುವೆ ಯಾರೋ ವಾಸ್ತು ಪಂಡಿತರು ಬಂದು, ಮುಖ್ಯಸ್ಥರು ನೆಲಮಹಡಿಯ ನೈಋತ್ಯ ಮೂಲೆಯಲ್ಲಿ ಕೂತರೆ ಕಂಪನಿಗೆ ಏಳಿಗೆ ಎಂದು ಹೇಳಿಹೋದರು. ಶನಿವಾರ ತೆಂಗಿನಕಾಯಿ ಒಡೆದು, ಮೂರನೇ ಮಹಡಿಯಿಂದ ಸಾಹೇಬರ ಮೇಜು, ಕುರ್ಚಿ, ಕಂಪ್ಯೂಟರ್, ಮನಿ ಪ್ಲಾಂಟಿನ ಬಾಟಲಿ ಎಲ್ಲವನ್ನೂ ಕೆಳಗಿಳಿಸಿದರು. ಅವರ ಹಳೇ ಕೋಣೆಗೆ ಮಾರಾಟ ವಿಭಾಗದವರು ಬಂದರು. ಮುಹೂರ್ತ ಪಂಡಿತರಿಗೆ ಗೊತ್ತಿತ್ತು, ಹಮಾಲರಿಗೆ ಗೊತ್ತಿತ್ತು, ಹಾರದ ಹೂವಿನವನಿಗೂ ಗೊತ್ತಿತ್ತು. ನನಗೆ ಮಾತ್ರ ಹೇಳಲಿಲ್ಲ.

ನನ್ನ ಸ್ಕ್ರಿಪ್ಟಿಗೆ ವಾಸ್ತು ಬರುವುದಿಲ್ಲ. ಕಂಪ್ಯೂಟರಿನ ಹೆಸರಿನಲ್ಲಿ ಯಾವ ಮಹಡಿ ಇದೆಯೋ ಆ ಮಹಡಿಯ ಪ್ರಿಂಟರನ್ನು ಜೋಡಿಸುತ್ತದೆ. ಸಾಹೇಬರು ನೈಋತ್ಯಕ್ಕೆ ಬಂದರೂ ಅವರ ಕಂಪ್ಯೂಟರಿನ ಹೆಸರು ಮೂರನೇ ಮಹಡಿಯಲ್ಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ಸಾಹೇಬರು ಒಂದು ಹಾಳೆಗೆ ಪ್ರಿಂಟ್ ಕೊಟ್ಟರು. ಪಕ್ಕದ ಪ್ರಿಂಟರಿನಲ್ಲಿ ಏನೂ ಬರಲಿಲ್ಲ. ಮತ್ತೆ ಕೊಟ್ಟರು. ಬರಲಿಲ್ಲ. ಸಿಟ್ಟಿನಲ್ಲಿ ಇನ್ನೂ ಹತ್ತು ಸಲ ಒತ್ತಿದರು. ಮೂರನೇ ಮಹಡಿಯಲ್ಲಿ ಮಾರಾಟದವರ ಮುಂದೆ ಹನ್ನೆರಡು ಪ್ರತಿ ಬಿದ್ದವು.

ಅದು ಸಾಹೇಬರ ಮಗಳು ಶಾಲೆಗೆ ಬರೆದ ಪ್ರಬಂಧ. ವಿಷಯ, 'ನನ್ನ ತಂದೆ'. ಇಂಗ್ಲಿಷಿನಲ್ಲಿತ್ತು. ನಾನು ಓದಬಾರದಿತ್ತು, ಓದಿದೆ. "ನನ್ನ ತಂದೆ ದೊಡ್ಡ ಆಫೀಸಿನಲ್ಲಿದ್ದಾರೆ. ಅಲ್ಲಿ ಅವರಿಗೆ ಹೆಚ್ಚು ಕೆಲಸ ಇರುವುದಿಲ್ಲ. ಜನ ಬಂದು ರಜೆ ಕೇಳುತ್ತಾರೆ. ತಂದೆ ಇಲ್ಲ ಎನ್ನುತ್ತಾರೆ. ಸಂಜೆ ಮನೆಗೆ ಬಂದು ಇವತ್ತು ತುಂಬಾ ಸುಸ್ತಾಯಿತು ಎನ್ನುತ್ತಾರೆ. ನಾನು ನನ್ನ ತಂದೆಯನ್ನು ತುಂಬಾ ಪ್ರೀತಿಸುತ್ತೇನೆ."

ಸಾಹೇಬರು ಫೋನಿನಲ್ಲಿ "ಅದು ಕಾನ್ಫಿಡೆನ್ಷಿಯಲ್ಲು, ಎಲ್ಲಾ ಕಾಪಿ ತಂದ್ಕೊಡಿ" ಎಂದರು. ನಾನು ಮೇಜು ಮೇಜು ಅಲೆದು ಹನ್ನೊಂದು ಹಾಳೆ ಕೂಡಿಹಾಕಿದೆ. ಹನ್ನೆರಡನೆಯದು ಕ್ಯಾಂಟೀನಿನ ಬೋರ್ಡಿನ ಮೇಲೆ, ಬಟಾಟೆವಡೆಯ ಹೆಸರಿನ ಕೆಳಗೆ ಇತ್ತು. ಅದನ್ನೂ ಕಿತ್ತು ತಂದೆ.

ಹನ್ನೆರಡೂ ಹಾಳೆಯನ್ನು ಅವರ ಕೈಗಿಟ್ಟು, ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ನನ್ನ ರಜೆ ಅರ್ಜಿಯನ್ನೂ ಅವುಗಳ ಮೇಲಿಟ್ಟೆ. ಸಾಹೇಬರು ಬಾಯಿ ತೆರೆದರು. ಕೈಯಲ್ಲಿದ್ದ ಪ್ರಬಂಧ ನೋಡಿದರು. ಬಾಯಿ ಮುಚ್ಚಿದರು. ನನ್ನ ಎದೆ ಹಗುರಾಗುತ್ತಿತ್ತು.

"ನಾನು ಇಲ್ಲ ಅಂತಾ ಇಲ್ಲ. ಆ ಕಾಲಂ ಫಿಲ್ ಮಾಡಿ, ಸಾಕು" ಎಂದು ಅರ್ಜಿಯನ್ನು ವಾಪಸು ತಳ್ಳಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಇವತ್ತು ತುಂಬಾ ಸುಸ್ತಾಯ್ತು ಕಣ್ರೀ."

೪. ತಪ್ಪದ ಹಾಜರಿ

ಮದುವೆಗೆ ಎಂಟು ದಿನ ಉಳಿದಿತ್ತು. ಅಷ್ಟರಲ್ಲಿ ಕಂಪನಿಯ ವಾರ್ಷಿಕ ಸಮಾರಂಭ ಬಂತು. ಈ ವರ್ಷ ಎಚ್.ಆರ್. ನವರಿಗೆ ಹೊಸ ಹುರುಪು. ಯಾರು ದಿನಾ ಎಷ್ಟು ಗಂಟೆಗೆ ಕಂಪ್ಯೂಟರ್ ಹಾಕುತ್ತಾರೆ ಎಂಬ ಪಟ್ಟಿಯನ್ನು ನನ್ನಿಂದ ತರಿಸಿಕೊಂಡು, ಎರಡು ವರ್ಷ ಒಂದು ದಿನವೂ ತಪ್ಪಿಸದವರಿಗೆ ಪ್ರಶಸ್ತಿ ಪತ್ರ ಕೊಡುವುದೆಂದು ನಿರ್ಧರಿಸಿದ್ದರು.

ವೇದಿಕೆಯಲ್ಲಿ ಸಾಹೇಬರು ಹೆಸರು ಓದಿದರು. ಉಗ್ರಾಣದಲ್ಲಿ ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಹಿರಿಯರ ಹೆಸರು.

ಉಗ್ರಾಣದವರು ಕೂತಿದ್ದ ಸಾಲು ತಣ್ಣಗಾಯಿತು. ಕಾಕಾ ನಿವೃತ್ತರಾಗಿ ಎರಡು ವರ್ಷವಾಗಿತ್ತು.

ಆದದ್ದು ಇಷ್ಟು. ಉಗ್ರಾಣದಲ್ಲಿ ಏಳು ಜನರಿಗೆ ಒಂದೇ ಕಂಪ್ಯೂಟರ್. ಬೆಳಿಗ್ಗೆ ಬೀಗ ತೆಗೆಯುವವರು ಹಿರಿಯರು, ಆದ್ದರಿಂದ ಕಂಪ್ಯೂಟರ್ ಹಾಕುವವರೂ ಹಿರಿಯರೇ. ಕಾಕಾ ತಮ್ಮ ಹೆಸರಿನಲ್ಲಿ ಒಳಹೋಗಿ ಗಣಪತಿಗೆ ಕೈಮುಗಿದರೆ ಮುಗಿಯಿತು, ಸಂಜೆವರೆಗೆ ಏಳೂ ಜನ ಆ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದರು. ಕಾಕಾ ಹೋದ ಮೇಲೆ ಅವರ ಹೆಸರು ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಪಾಸ್‌ವರ್ಡ್ ಗಣಪತಿಯ ಕ್ಯಾಲೆಂಡರಿನ ಹಿಂದೆ ಬರೆದಿತ್ತು. ನಿವೃತ್ತರ ಖಾತೆ ಮುಚ್ಚಬೇಕಾದರೆ ಎಚ್.ಆರ್. ನಿಂದ ನನಗೆ ಕಾಗದ ಬರಬೇಕು. ಎಚ್.ಆರ್. ನವರು ಪಟ್ಟಿ ನೋಡಿದರೆ ಕಾಕಾ ದಿನಾ ಒಂಬತ್ತಕ್ಕೆ ಹಾಜರು, ಮತ್ತೇಕೆ ಕಾಗದ ಕಳಿಸಿಯಾರು? ಸಂಬಳ ನಿಂತಿತ್ತು, ಹಾಜರಿ ನಿಂತಿರಲಿಲ್ಲ.

ಸಾಹೇಬರು ಎರಡನೇ ಸಲ ಹೆಸರು ಕೂಗಿದರು. ಉಗ್ರಾಣದವನೊಬ್ಬ ಎದ್ದು ನಿಂತ. ಪಾಪ, ಅವನಾದರೂ ಏನು ಹೇಳಬೇಕು? "ಸರ್, ಕಾಕಾ ಗೋದಾಮಿನಲ್ಲಿದ್ದಾರೆ. ಟ್ರಕ್ ಬಂದಿದೆ, ಮಾಲು ಇಳಿಸಿಕೊಳ್ಳುತ್ತಿದ್ದಾರೆ" ಎಂದುಬಿಟ್ಟ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡರು.

"ನೋಡಿ ಕಲೀರಿ. ತಮಗೇ ಪ್ರೈಜ್ ಬಂದಿರೋ ದಿನಾನೂ ಆ ಮನುಷ್ಯ ಕೆಲಸ ಬಿಟ್ಟು ಬಂದಿಲ್ಲ!"

೫. ಬದಲಿ ವ್ಯಕ್ತಿ

ಪ್ರಶಸ್ತಿ ಪತ್ರ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾಕಾ ಇರುವುದು ಪುಣೆಯ ಕೋಥರೂಡ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಸ್ಕೂಟರಿನಲ್ಲಿ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ, ಕಾಕೂ. ಒಳಗೆ ಕಾಕಾ ಅಡುಗೆಮನೆಯ ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತಿದ್ದರು. ತೊಗರಿ, ಸಾಲು ಒಂದು, ಡಬ್ಬಿ ಎರಡು.

ಕಾಕೂ ಪತ್ರವನ್ನು ಎರಡು ಸಲ ಓದಿದರು. "ಎರಡು ವರ್ಷದಿಂದ ಮನೆಯಲ್ಲಿ ನನ್ನ ತಲೆ ತಿನ್ನುತ್ತಿದ್ದಾರೆ. ಅಲ್ಲಿ ಹೋಗದೆಯೇ ಮೊದಲನೇ ನಂಬರ್ ಬಂದಿದ್ದಾರೆ ನೋಡಿ" ಎಂದರು.

ಕಾಕಾ ಪತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆಮೇಲೆ "ಎಷ್ಟೋ ದಿನವಾಯಿತು, ಆಫೀಸಿನಿಂದ ಯಾರೂ ಫೋನ್ ಮಾಡುವುದಿಲ್ಲ" ಎಂದರು.

ನಾನು ಯಾವತ್ತೂ ಕೇಳದ ದುಃಖ ಅದು. ಫೋನ್ ಬರುತ್ತದೆ ಎಂಬುದೇ ನನ್ನ ಗೋಳು, ಬರುವುದಿಲ್ಲ ಎಂಬುದು ಇವರ ಗೋಳು. ಜೇಬಿನಲ್ಲಿ ರಜೆ ಅರ್ಜಿ ಇತ್ತು. ತೆಗೆದು ಎಲ್ಲ ಹೇಳಿದೆ. ಸಾತಾರಾ, ಮಾಸ್ತರರ ಫೋಟೋ, ಅಕ್ಕನ ಅಡಿಕೆ, ಒಂದನ್ನೂ ಬಿಡಲಿಲ್ಲ. ಖಾಲಿ ಕಾಲಂ ತೋರಿಸಿ, ಅಲ್ಲಿ ಅವರ ಹೆಸರು ಬರೆಯಲೇ ಎಂದು ಕೇಳಿದೆ.

"ಆದರೆ ಕಂಪ್ಯೂಟರಿನದು ನನಗೆ ಗಂಧಗಾಳಿಯೂ ಇಲ್ಲವಪ್ಪ" ಎಂದರು ಕಾಕಾ.

"ಬೇಕಾಗಿಲ್ಲ ಕಾಕಾ. ಫೋನ್ ಎತ್ತಿದರೆ ಸಾಕು."

"ಬರೆಯಿರಿ, ಬರೆಯಿರಿ" ಎಂದು ಒಳಗಿನಿಂದ ಕೂಗಿದವರು ಕಾಕೂ.

ಮರುದಿನ ಸಾಹೇಬರು ಕಾಲಂ ನೋಡಿದರು. ಮುಖ ಅರಳಿತು. "ಓ, ಅಟೆಂಡೆನ್ಸ್ ಪ್ರೈಜ್ ಬಂತಲ್ಲ, ಅವ್ರಾ? ಇವ್ರ್ ಇದ್ರೆ ಇನ್ನೇನ್ರಿ ಯೋಚ್ನೆ?" ಎಂದು ಸಹಿ ಹಾಕಿದರು. ಹದಿನೆಂಟು ವರ್ಷದಲ್ಲಿ ನಾನು ಕಂಡ ಅತ್ಯಂತ ಸುಂದರವಾದ ಸಹಿ ಅದು. ಹೊರಡುವ ಹಿಂದಿನ ಸಂಜೆ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಬದಲಾವಣೆ ಮಾಡಿದೆ. ಬೆಳಿಗ್ಗೆ ಎಲ್ಲರ ಪರದೆಯ ಮೇಲೆ 'ತೊಂದರೆ ಇದ್ದರೆ ಇವರನ್ನು ಕೇಳಿ' ಎಂದು ನನ್ನ ಹೆಸರು, ನಂಬರು ಬರುತ್ತದೆ. ಅದು ಕೂಡ ಒಂದು ಹಿಡಿದಿಟ್ಟ ಜಾಗ. ಒಂದು ಕಡೆ ಬದಲಾಯಿಸಿದರೆ ಇಡೀ ಕಂಪನಿಗೆ ಬದಲಾಗುತ್ತದೆ. ಅಲ್ಲಿ ಕಾಕಾ ಅವರನ್ನು ಕೂರಿಸಿದೆ.

ಮರುದಿನ ಬೆಳಿಗ್ಗೆ ಕಾತ್ರಜದ ನಿಲ್ದಾಣದಲ್ಲಿ ಬಸ್ಸು ಬರುತ್ತಲೇ ಹೆಂಡತಿ ಕಿಟಕಿಯಿಂದ ಟವೆಲ್ ಎಸೆದಳು. ಕೂತೆವು. ಸಾತಾರಾ ಬಂತು. ಅವಳು ನನ್ನ ಫೋನಿನ ಕಡೆ ನೋಡಿದಳು, ನಾನು ಕಿಟಕಿಯ ಕಡೆ ನೋಡಿದೆ. ಫೋನ್ ಬರಲಿಲ್ಲ. ಕರಾಡ ದಾಟಿತು, ಬರಲಿಲ್ಲ. ಕೊಲ್ಹಾಪುರ ದಾಟಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆಫೀಸು ಇದೆಯೋ, ಹೊತ್ತಿ ಉರಿಯಿತೋ?

"ಸುಮ್ನ ಕೂಡ್ರಿ. ಇನ್ನೊಮ್ಮೆ ಅದನ್ನ ತಗದು ನೋಡಿದ್ರ ಹೊರಗ ಒಗೀತೀನಿ" ಎಂದು ಹೆಂಡತಿ ಫೋನ್ ಕಸಿದು ತನ್ನ ಚೀಲದೊಳಗೆ ಹಾಕಿಕೊಂಡಳು.

ಮದುವೆಯ ದಿನ ಬೆಳಿಗ್ಗೆ ನೋಡಿದರೆ ಅಕ್ಕನ ಕೈಯ ತಟ್ಟೆಯಲ್ಲಿ, ಅಕ್ಷತೆಯ ಪಕ್ಕದಲ್ಲಿ, ಒಂದು ದುಂಡನೆಯ ಅಡಿಕೆ ಇತ್ತು. ಕುಂಕುಮವನ್ನೂ ಹಚ್ಚಿದ್ದಳು.

"ಇದ್ಯಾಕ ಅಕ್ಕಾ? ನಾ ಬಂದೀನಲ್ಲ."

"ಮುಹೂರ್ತಕ್ಕ ಇನ್ನೂ ಅರ್ಧಾ ತಾಸು ಅದ. ನಿನ್ನ ಭರೋಸಾ ಏನು?"

ಮದುಮಗಳ ಕೈ ಹಿಡಿದೆ. ಬಾಗಿಲಿನಿಂದ ಮಂಟಪದವರೆಗೆ ಹತ್ತು ಹೆಜ್ಜೆ ಇರಬಹುದು. ಅವಳು ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು. "ಮಾಮಾ, ಫೋನ್ ಎಲ್ಲದ?"

"ನಿಮ್ಮ ಮಾಮಿ ಕಡೆ."

"ಬಂದ್ ಮಾಡ್ಯಾಳ?"

"ಹೂಂ."

"ಮತ್ತ ಚಾಲೂ ಮಾಡಬ್ಯಾಡಂತ ಹೇಳು" ಎಂದಳು. ನನ್ನ ಕಣ್ಣು ಮಂಜಾದವು. ಫೋಟೋದವನು ಕ್ಲಿಕ್ಕಿಸಿದ. ಆ ಫೋಟೋದಲ್ಲಿ ನಾನು ಅಳುತ್ತಿದ್ದೇನೆ, ಅವಳು ನಗುತ್ತಿದ್ದಾಳೆ. ಇರಲಿ, ಅದರಲ್ಲಿ ಮಾಸ್ತರರಿಲ್ಲ.

ಮೂರನೇ ದಿನ ತಡೆಯಲಾರದೆ ಕಾಕಾಗೆ ನಾನೇ ಫೋನ್ ಮಾಡಿದೆ. ಅವರ ದನಿಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಫೋನ್ ಬಂದವೇ ಕಾಕಾ?"

"ಬಂದವೇ ಅಂತ ಕೇಳುತ್ತೀರಲ್ಲ! ಊಟಕ್ಕೆ ಬಿಡುವಿಲ್ಲ."

"ಏನು ಹೇಳಿದಿರಿ?"

"ನನಗೇನು ಗೊತ್ತು ಹೇಳಲಿಕ್ಕೆ? ಮೊದಲು ಹೋಗಿ ಚಹಾ ಕುಡಿದು ಬನ್ನಿ, ಆಮೇಲೂ ಹಾಗೇ ಇದ್ದರೆ ಮತ್ತೆ ಫೋನ್ ಮಾಡಿ ಅಂದೆ."

"ಆಮೇಲೆ?"

"ಒಬ್ಬರೂ ಎರಡನೇ ಸಲ ಮಾಡಲಿಲ್ಲ."

ಪುಣೆಗೆ ವಾಪಸಾದ ದಿನ ಆಫೀಸಿಗೆ ಅಳುಕುತ್ತಲೇ ಹೋದೆ. ಎಲ್ಲ ಇದ್ದ ಹಾಗೇ ಇತ್ತು. ಸರ್ವರ್ ಗುಂಯ್ ಎನ್ನುತ್ತಿತ್ತು. ಹತ್ತು ಗಂಟೆಗೆ ಸಾಹೇಬರು ಕರೆಸಿದರು. ಬಂತು ಎಂದುಕೊಂಡೆ. ಕಾಕಾ ನಿವೃತ್ತರೆಂಬುದು ಗೊತ್ತಾಗಿರಬೇಕು. ಹೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾ ನೈಋತ್ಯ ಮೂಲೆಗೆ ನಡೆದೆ.

ಸಾಹೇಬರು ತಲೆ ಎತ್ತಿ ಬಹಳ ಕಾಳಜಿಯಿಂದ ಕೇಳಿದರು. "ಅಲ್ಲಾರೀ, ಅಷ್ಟು ಕಷ್ಟಪಟ್ಟು ಲೀವ್ ಸ್ಯಾಂಕ್ಷನ್ ಮಾಡಿಸ್ಕೊಂಡ್ರಿ. ಯಾವಾಗ ಹೊರಡ್ತಿದೀರಾ ಊರಿಗೆ?"

ಹೋಗಿ ಬಂದೆ ಎಂದು ಹೇಳುವ ಬದಲು "ನೋಡ್ತೀನ್ರಿ ಸರ್" ಎಂದು ವಾಪಸು ಬಂದೆ. ಸಂಜೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಅಯ್ಯ ಖೋಡಿ, ಹಂಗಾದ್ರ ಇಷ್ಟು ವರ್ಷ ಅಡಿಕಿ ಇಡಬೇಕಾಗಿದ್ದು ಆ ಆಫೀಸಿನಾಗ!"